ಒಲೆಗಿಂತ ಮೊದಲು ಈಳಿಗೆ

ಕಮಲನಗರ ಅಂದರೆ ಮೀನು ಯಾರಿಗೂ ನೆನಪಾಗುವುದಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು 1889ರಲ್ಲಿ ಹುಟ್ಟಿದ ಊರು, ಭಾಲ್ಕಿಗೂ ಉದಗೀರಿಗೂ ನಡುವಿನ ರೈಲು ನಿಲ್ದಾಣ, ಮೊನ್ನೆ ಮೊನ್ನೆಯವರೆಗೆ ಔರಾದ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕಾದ ಜಾಗ. ಪರಿಚಯ ಅಲ್ಲಿಗೇ ಮುಗಿಯುತ್ತದೆ. ಸುತ್ತ ತೊಗರಿ, ಸೋಯಾ, ಜೋಳದ ಹೊಲ. ಸಮುದ್ರ ಎತ್ತ ಹೋದರೂ ನೂರಾರು ಕಿಲೋಮೀಟರ್. ಆದರೆ ಮಾಂಜ್ರಾ ಇದೇ ಸೀಮೆಯಲ್ಲಿ ಹರಿಯುತ್ತದೆ. ಅದರ ಉಪನದಿ ಕಾರಂಜಾಕ್ಕೆ ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಬಳಿ 7.69 ಟಿಎಂಸಿ ಹಿಡಿಯುವ ಜಲಾಶಯವಿದೆ. ಹಾಗಾಗಿ ಈ ಕಡೆಯ ಸಂತೆಗಳಲ್ಲಿ ಕಾಯಿಪಲ್ಲೆಯ ಸಾಲು ದಾಟಿ ಮುಂದೆ ಹೋದರೆ, ಗೋಣಿತಾಟು ಹಾಸಿ, ಈಳಿಗೆ ಮುಂದಿಟ್ಟುಕೊಂಡು ಕೂತ ಹೆಂಗಸರು ಸಿಗುತ್ತಾರೆ. ಬಲೆ ಬೀಸುವವರಿಗೆ ಹಾಡು, ಕತೆಗಳಲ್ಲಿ ಜಾಗ ಸಿಕ್ಕಿದೆ. ಸಾರು ಮಾಡಿದವರಿಗೂ ಹೊಗಳಿಕೆ ಸಲ್ಲುತ್ತದೆ. ನಡುವಿನ ಈ ಕೈಗಳನ್ನು ಕೇಳುವವರಿಲ್ಲ. ಸಿಹಿನೀರಿನ ಮೀನಿನ ರುಚಿ ಅರ್ಧಕ್ಕರ್ಧ ತೀರ್ಮಾನವಾಗುವುದು ಇವರ ಕೈಯಲ್ಲೇ ಎಂದು ನನಗನ್ನಿಸುತ್ತದೆ.

ಕೆಲಸ ನೋಡಲು ಸರಳ. ಜಾರುವ ಮೀನಿಗೆ ಒಲೆಯ ಬೂದಿ ಸವರಿ ಹಿಡಿತ ಮಾಡಿಕೊಳ್ಳುವುದು, ಬಾಲದಿಂದ ತಲೆಯ ಕಡೆಗೆ ಎದುರಾಗಿ ಉಜ್ಜಿ ಹುರುಪೆ ತೆಗೆಯುವುದು, ರೆಕ್ಕೆ ಸವರಿ ಕಿವಿರು ಕಿತ್ತು ಎಸೆಯುವುದು. ಕಿವಿರು ಉಳಿದರೆ ಮೀನು ಅಲ್ಲಿಂದಲೇ ಕೆಡಲು ಶುರು. ನಿಜವಾದ ಪರೀಕ್ಷೆ ಹೊಟ್ಟೆ ಸೀಳುವಾಗ. ಅಲಗು ಆಳಕ್ಕೆ ಹೋಗಬಾರದು, ಯಾಕೆಂದರೆ ಪಿತ್ತಕೋಶ ಯಕೃತ್ತಿಗೆ ಅಂಟಿಕೊಂಡೇ ಇರುತ್ತದೆ. ಅದು ಒಡೆದರೆ ಹಸಿರು ನೀರು ತಾಗಿದ ತುಂಡೆಲ್ಲ ಕಹಿ. ಎಷ್ಟು ತೊಳೆದರೂ ಪೂರ್ತಿ ಹೋಗದು. ಪಳಗಿದ ಕೈ ಎರಡು ಬೆರಳು ಒಳಗಿಟ್ಟು ಇಡೀ ಗಂಟನ್ನು ಒಮ್ಮೆಗೇ ಎಳೆದು ತೆಗೆಯುತ್ತದೆ. ಆಮೇಲೆ ಹೊಟ್ಟೆಯೊಳಗಿನ ಕಪ್ಪು ಪೊರೆ ಕೆರೆದು, ಬೆನ್ನೆಲುಬಿನ ಗುಂಟ ಕಟ್ಟಿದ ರಕ್ತವನ್ನು ಹೆಬ್ಬೆರಳಿನಿಂದ ತಿಕ್ಕಿ ತೆಗೆಯಬೇಕು. ಅವಸರದವರು ಬಿಟ್ಟುಬಿಡುವುದು ಇದನ್ನೇ. ಮನೆಯವರು ಆಮೇಲೆ ‘ಮೀನು ನಾತ’ ಎಂದು ಮೂಗು ಮುರಿಯುವುದೂ ಇದಕ್ಕೇ.

ಪಿತ್ತದ ಬಗ್ಗೆ ಇನ್ನೊಂದು ಮಾತು. ಸಕ್ಕರೆ ಕಾಯಿಲೆಗೆ, ಕೀಲುನೋವಿಗೆ ಔಷಧಿ ಎಂದು ಗೆಂಡೆ ಜಾತಿಯ ಮೀನಿನ ಪಿತ್ತ ನುಂಗುವ ರೂಢಿ ದೇಶದ ಹಲವು ಕಡೆ ಇದೆ. ರೋಹು ಪಿತ್ತ ನುಂಗಿ ಮೂತ್ರಪಿಂಡ ಕೈಕೊಟ್ಟವರನ್ನು ಭಾರತದ ವೈದ್ಯರು ಕಂಡು ಬರೆದಿದ್ದಾರೆ. ಬೇಯಿಸಿದರೂ ಆ ವಿಷ ಸಾಯುವುದಿಲ್ಲ. ಸಂತೆಯ ಹೆಂಗಸರು ಅದನ್ನು ದೂರ ಎಸೆಯುವುದು ಕಹಿಗೆ ಹೆದರಿ ಇರಬಹುದು, ಆದರೆ ಮಾಡುವ ಕೆಲಸ ಸರಿಯಾದದ್ದೇ.

ಈಗ ಬುಟ್ಟಿಯಲ್ಲಿ ಹೆಚ್ಚಾಗಿ ಕಾಣುವುದು ಕಟ್ಲಾ, ರೋಹು, ಮೃಗಾಲ. ಗಂಗೆಯ ಬಯಲಿನ ಈ ಮೀನುಗಳು ಹರಿವ ನೀರಿನಲ್ಲಲ್ಲದೆ ನಿಂತ ಕೆರೆಯಲ್ಲಿ ಮೊಟ್ಟೆ ಇಡವು. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧರಿ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಅವುಗಳಿಂದ ಮರಿ ಮಾಡಿಸಿದ ಮೇಲೆಯೇ ಮರಿಗಳನ್ನು ಬೇಕಾದಷ್ಟು ತಯಾರಿಸಿ ದೇಶದ ಕೆರೆ, ಜಲಾಶಯಗಳಿಗೆ ಬಿಡುವುದು ಸಾಧ್ಯವಾಯಿತು. ಬೀದರಿನಲ್ಲಿ ಮೀನುಗಾರಿಕೆಯ ಹೆಸರನ್ನೂ ಹೊತ್ತ ಪಶು ವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಅದರ ಮೀನುಗಾರಿಕಾ ಕಾಲೇಜು ಮಾತ್ರ ಮಂಗಳೂರಿನಲ್ಲಿ. ಈ ವಿನೋದ ಯಾರೂ ಬೇಕೆಂದು ಮಾಡಿದ್ದಲ್ಲ, ಬಿಡಿ.

ಹಳೆಯ ತಲೆಗಳಿಗೆ ಈ ಕಟ್ಲಾ, ರೋಹು ಎಲ್ಲ ನೀರು ಮೀನು, ಸಪ್ಪೆ. ಅವರ ಮನಸ್ಸಿರುವುದು ಕೊರವ ಮೀನಿನ ಮೇಲೆ. ಮರಾಠಿ ಮಾತಾಡುವವರು ಅದನ್ನೇ ಮರಳ ಅನ್ನುತ್ತಾರೆ, ತೆಲಂಗಾಣದವರು ಕೊರಮೀನು ಎಂದು ಕರೆದು ರಾಜ್ಯದ ಮೀನು ಮಾಡಿಕೊಂಡಿದ್ದಾರೆ. ಗಾಳಿ ನುಂಗಿ ಉಸಿರಾಡುವುದರಿಂದ ಕೆರೆ ಬತ್ತಿದರೂ ಕೆಸರಿನಲ್ಲಿ ಕೆಲಕಾಲ ಜೀವ ಹಿಡಿಯುತ್ತದೆ. 2016ರ ಬರಗಾಲದಲ್ಲಿ ಮಾಂಜ್ರಾದ ಮೇಲ್ಭಾಗದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂತು. ಇಂಥ ಸೀಮೆಗೆ ಇಂಥ ಮೀನೇ ಸರಿ. ಮುಳ್ಳು ಕಡಿಮೆ, ಮಾಂಸ ಗಟ್ಟಿ. ಮಿರಗದ ಮಳೆ ಕೂಡುವ ಜೂನ್ ಮೊದಲ ವಾರ ಕಳೆದ ಮೇಲೆ ಮೀನು ತಿನ್ನಬೇಕೆಂಬ ರೂಢಿ ತೆಲಂಗಾಣದಲ್ಲಿ ಬಲವಾಗಿದೆ. ಹೈದರಾಬಾದಿನಲ್ಲಿ ಬತ್ತಿನಿ ಕುಟುಂಬದವರು ಉಬ್ಬಸಕ್ಕೆಂದು ಕೊರವದ ಜೀವಂತ ಮರಿಯ ಬಾಯಿಗೆ ಔಷಧಿ ತುಂಬಿ ನುಂಗಿಸುವುದೂ ಮಿರಗ ಕೂಡುವ ದಿನವೇ. ವಿಜ್ಞಾನ ಅದನ್ನು ಒಪ್ಪಿಲ್ಲ, ಜನ ಹೋಗುವುದನ್ನು ಬಿಟ್ಟಿಲ್ಲ.

ಕೆರೆಮೀನಿಗೆ ಒಂದು ಮಣ್ಣುವಾಸನೆ ಇರುತ್ತದೆ. ನೀರಿನ ಸೂಕ್ಷ್ಮಜೀವಿಗಳು ಹುಟ್ಟಿಸುವ ಜಿಯೋಸ್ಮಿನ್ ಎಂಬ ವಸ್ತು ಅದಕ್ಕೆ ಕಾರಣ. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಯಲ್ಲೂ ಅದೇ ಇದೆ. ಮಳೆಯಲ್ಲಿ ಹಿತ, ತಟ್ಟೆಯಲ್ಲಿ ಬೇಡ. ಹುಳಿ ತಾಗಿದರೆ ಜಿಯೋಸ್ಮಿನ್ ಮುರಿಯುತ್ತದೆ. ತೊಳೆದ ತುಂಡಿಗೆ ಉಪ್ಪು, ಅರಿಶಿಣ, ಲಿಂಬಿರಸ ಹಚ್ಚಿ ಅರ್ಧ ತಾಸು ಬಿಡುವುದೂ, ಸಾರಿಗೆ ಹುಣಸೆ ಧಾರಾಳವಾಗಿ ಹಿಂಡುವುದೂ ಅದಕ್ಕೇ. ಇನ್ನು ಮಸಾಲಿ ಈ ನೆಲದ್ದೇ: ಹುರಿದ ಶೇಂಗಾ, ಎಳ್ಳು, ಒಣಕೊಬ್ಬರಿ, ಕೆಂಡದಲ್ಲಿ ಸುಟ್ಟ ಉಳ್ಳಾಗಡ್ಡಿ, ಬಳ್ಳೊಳ್ಳಿ, ಕೆಂಪು ಖಾರ. ಹಸಿ ತೆಂಗಿನಕಾಯಿ ಇಲ್ಲದ ಮೀನುಸಾರು ಸಾರೇ ಅಲ್ಲ ಎನ್ನುವ ಕರಾವಳಿಯ ಗೆಳೆಯರೊಡನೆ ನಾನು ವಾದಕ್ಕಿಳಿಯುವುದಿಲ್ಲ, ಜೋಳದ ರೊಟ್ಟಿ ಮುರಿದು ಅವರ ಮುಂದಿಡುತ್ತೇನೆ. ತುಂಡು ಬಿಟ್ಟ ಮೇಲೆ ಸೌಟು ಹಾಕಬಾರದು. ಪಾತ್ರೆಯನ್ನೇ ಬಟ್ಟೆ ಹಿಡಿದು ಕುಲುಕಬೇಕು.

ಉಳಿಸುವ ವಿದ್ಯೆ ಸೊರಗುತ್ತಿದೆ, ಮಂಜುಗಡ್ಡೆ ಬಂದಮೇಲೆ ಅದರ ಗರಜು ಕಡಿಮೆ. ಸಣ್ಣ ಮೀನಿನ ಹೊಟ್ಟೆ ತೆಗೆದು, ದೊಡ್ಡದನ್ನು ಬೆನ್ನಗುಂಟ ಸೀಳಿ, ಉಪ್ಪು ತಿಕ್ಕಿ ಬಿಸಿಲಿಗೆ ಹಾಕುವುದು ಬೇಸಿಗೆಯ ಕೆಲಸ. ಮಳೆಗಾಲದ ತೇವದಲ್ಲಿ ನೊಣ ಮೊಟ್ಟೆಯಿಟ್ಟು ಎಲ್ಲ ಹಾಳು. ಒಣಗಿದ್ದನ್ನು ಹಂಚಿನ ಮೇಲೆ ಹುರಿದು ಬಳ್ಳೊಳ್ಳಿ, ಖಾರ ಸೇರಿಸಿ ಕುಟ್ಟಿದರೆ ರೊಟ್ಟಿಗೆ ಸಾಕು. ಕೊಂಕಣದ ಸುಕಟ್, ಬೊಂಬಿಲ್ ಒಣಮೀನು ಘಟ್ಟ ಹತ್ತಿ ಬಯಲುಸೀಮೆಯ ಸಂತೆಗೂ ಬರುತ್ತವೆ. ಮಾಂಸ ಒಣಗಿಸುವುದು ಮಾತ್ರ ಇಲ್ಲಿ ಜಾತಿಯ ಗೆರೆಯ ಆಚೆ ಉಳಿದ ವಿದ್ಯೆ. ಗಡಿಯಾಚೆಯ ಮರಾಠವಾಡದ ದಲಿತ ಮನೆಗಳ ‘ಚಾನ್ಯಾ’ ಎಂಬ ಒಣಮಾಂಸವನ್ನು ಶಾಹು ಪಾಟೋಳೆ ಮರಾಠಿಯ ‘ಅನ್ನ ಹೇ ಅಪೂರ್ಣಬ್ರಹ್ಮ’ದಲ್ಲಿ ದಾಖಲಿಸಿದರು. ನಮ್ಮ ಕಡೆಯಿಂದ ಕನ್ನಡದಲ್ಲೂ ಅಂಥದೊಂದು ಬರಬೇಕು.

ಮಾಂಸದ ಮಾತು ಬಂದರೆ ಬೇಟೆಯೂ ನೆನಪಾಗುತ್ತದೆ, ಆದರೆ ಆ ಮಾತು ಇಲ್ಲಿ ಚಿಕ್ಕದು, ಅಷ್ಟೇ ಇರಬೇಕು. ಮೊಲ, ಕೌಜುಗ, ಜಿಂಕೆ ಯಾವುದನ್ನು ಕೊಂದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಬೀದರಿನ ಹೊಲಗಳಲ್ಲಿ ಓಡಾಡುವ ಕೃಷ್ಣಮೃಗಕ್ಕಂತೂ ಕಟ್ಟುನಿಟ್ಟಿನ ರಕ್ಷಣೆ. ಬೇಟೆಯ ಕೊಬ್ಬಿಲ್ಲದ ಗಟ್ಟಿ ಮಾಂಸಕ್ಕೆ ಹಸಿ ಪರಂಗಿಕಾಯಿ ಅರೆದು ಹಚ್ಚಿ ಸಣ್ಣ ಉರಿಯಲ್ಲಿ ಬೇಯಿಸುವ ಉಪಾಯವನ್ನು ಈಗ ಮುದಿ ಹೋತಿಗೆ ಬಳಸಿದರಾಯಿತು.

ಮೀನಿಗೇ ಬರೋಣ. ಸಂತೆಯಲ್ಲಿ ಕಟ್ಲಾ ಕೊಳ್ಳುವವರು ಕಣ್ಣು ಉಬ್ಬಿ ಹೊಳೆಯುತ್ತಿದೆಯೇ, ಕಿವಿರು ಕೆಂಪಗಿದೆಯೇ ನೋಡಿಕೊಂಡು ತೂಗಿಸಲಿ. ಮಕ್ಕಳಿರುವ ಮನೆಗೆ ಹೊಟ್ಟೆಯ ಭಾಗ ಕೇಳುವುದು ಮೇಲು, ಬಾಲದ ಕಡೆಗೆ ಕವಲು ಮುಳ್ಳು ಹೆಚ್ಚು. ಹೊರಡುವ ಮುಂಚೆ ‘ಮಾವಶಿ, ತಲಿ ಬಿಡಬ್ಯಾಡ್ರಿ, ಕಟ್ಟಿ ಕೊಡ್ರಿ’ ಎಂದು ಹೇಳಿ. ಕಟ್ಲಾದ ತಲೆ ಬಿಟ್ಟು ಬಂದವರು ಸಾರಿನ ಅರ್ಧ ರುಚಿಯನ್ನು ಗೋಣಿತಾಟಿನ ಮೇಲೇ ಬಿಟ್ಟು ಬಂದಿರುತ್ತಾರೆ.