ತಾನೇ ಕಲಿತ ಕೈಗೆ ಗುರುವಿನ ಕಿವಿ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸಾಗುವ ರೈಲುದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಒಂದರ ಬೆನ್ನಿಗೊಂದು ಬರುತ್ತವೆ. ಮೆಣಸಿನಕಾಯಿಯ ಪೇಟೆಗೂ ಬೀಜದ ವ್ಯಾಪಾರಕ್ಕೂ ಹೆಸರಾದ ಈ ಸೀಮೆಯಲ್ಲಿ, ಅಂಗಡಿಯ ಲೆಕ್ಕ ಮುಗಿಸಿ ಮನೆಗೆ ಬಂದ ತರುಣನೋ ಕಾಲೇಜಿನ ವಿದ್ಯಾರ್ಥಿನಿಯೋ ಮೊಬೈಲಿನ ಪರದೆಯನ್ನು ಮುಂದಿಟ್ಟುಕೊಂಡು, ತಡೆದು ತಡೆದು ನೋಡಿ, ತಿರುಗಿ ತಿರುಗಿ ಕೇಳಿ, ಗಿಟಾರಿನ ನಾಲ್ಕಾರು ಕಾರ್ಡುಗಳನ್ನು ತಮ್ಮಷ್ಟಕ್ಕೆ ತಾವೇ ಕಲಿತುಕೊಳ್ಳುವುದು ಈಗ ಅಪೂರ್ವವಾದ ಸಂಗತಿಯೇನಲ್ಲ. ಇಂಥ ಕಲಿಕೆಯನ್ನು ಹಗುರವಾಗಿ ಕಾಣುವುದು ಸಲ್ಲದು. ಯಾರ ಒತ್ತಾಯವೂ ಇಲ್ಲದೆ, ಪರೀಕ್ಷೆಯ ಭಯವಾಗಲಿ ಬಹುಮಾನದ ಆಸೆಯಾಗಲಿ ಇಲ್ಲದೆ, ಬೆರಳ ತುದಿ ಜಡ್ಡುಗಟ್ಟುವವರೆಗೂ ತಂತಿಯನ್ನು ಒತ್ತಿದವರಲ್ಲಿರುವ ಅನುರಾಗವು ಯಾವ ಗುರುವೂ ಕೊಡಲಾರದ ಮೂಲಧನ. ಆದರೆ ಆ ಅನುರಾಗವೇ ಒಂದು ದಿನ ಅಸಮಾಧಾನವಾಗಿ ಪರಿಣಮಿಸುತ್ತದೆ. ಹಾಡಿನ ಮೇಲೆ ಹಾಡನ್ನು ಕೂಡಿಸಿಕೊಂಡರೂ ಕೈ ಮಾತ್ರ ಇದ್ದಲ್ಲಿಯೇ ಇದೆಯೆಂಬ ಅರಿವು ಮೂಡುತ್ತದೆ. ಗುರುವನ್ನು ಅರಸಿ ಹೋಗುವ ಕಾಲವು ಆಗ ಒದಗಿತೆಂದು ತಿಳಿಯಬೇಕು.

ಗುರುವಿನಿಂದ ಪಡೆಯುವ ಈ ಎರಡನೆಯ ಕಲಿಕೆಯ ಮಹತ್ತ್ವವನ್ನು ಕಾಣಲು ಹಾವೇರಿ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೆಂಬ ಅಂಧ ಬಾಲಕನು, ತನ್ನಂತೆಯೇ ಅಂಧನಾಗಿದ್ದ ಸಹೋದರನೊಡನೆ, ಕಿವಿಗೆ ಬಿದ್ದ ಹಾಡುಗಳನ್ನು ಕೇಳಿದಂತೆಯೇ ಹಾಡುತ್ತಿದ್ದನು. ರಾಣೇಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಜನಿಸಿ, ಹಾನಗಲ್ಲಿನ ವಿರಕ್ತಮಠದ ಅಧಿಪತಿಗಳಾಗಿದ್ದ ಕುಮಾರಸ್ವಾಮಿಗಳು ಆ ಕಂಠವನ್ನು ಕೇಳಿ ಮೆಚ್ಚಿದರು. ಮೆಚ್ಚಿ ಸುಮ್ಮನಾಗದೆ, ಶಾಸ್ತ್ರೋಕ್ತವಾದ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ಅನಂತರ ನೀಲಕಂಠಬುವಾ, ವಹೀದ್ ಖಾನ್ ಮೊದಲಾದವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಅಭ್ಯಾಸ ಮಾಡಿದ ಆ ಬಾಲಕನೇ ಮುಂದೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆಲ್ಲ ಪರಿಚಿತರಾದರು. ಅದೇ ಹಾನಗಲ್ಲ ತಾಲೂಕಿನಲ್ಲಿ 1914ರಲ್ಲಿ ಹುಟ್ಟಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜರ ವೃತ್ತಾಂತವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಸೋದರಮಾವನ ಹಾರ್ಮೋನಿಯಮ್ಮನ್ನು ತಾನಾಗಿಯೇ ನುಡಿಸುತ್ತಿದ್ದ ಹುಡುಗನ ಬೆರಳಾಟದಲ್ಲಿ ಒಲವನ್ನು ಗುರುತಿಸಿದ ಆ ಸೋದರಮಾವನು ಅವನನ್ನು ಪಂಚಾಕ್ಷರಿ ಗವಾಯಿಗಳ ಬಳಿಗೆ ಕರೆದೊಯ್ದನು. ಹಲವು ವಾದ್ಯಗಳಲ್ಲಿ ಪ್ರಭುತ್ವ ಪಡೆದು, 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರವನ್ನು ಹೊತ್ತು, 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳ ಸಂಗೀತಕ್ಕೆ ಆ ಹಾರ್ಮೋನಿಯಮ್ಮೇ ಮೊದಲ ಪಾಠಶಾಲೆ. ಆದರೆ ಅದೊಂದೇ ಪಾಠಶಾಲೆಯಾಗಿ ಉಳಿದಿದ್ದರೆ ನಮಗೆ ಪುಟ್ಟರಾಜರು ದೊರೆಯುತ್ತಿರಲಿಲ್ಲವೆಂದೇ ನಾನು ನಂಬುತ್ತೇನೆ.

ಹಾಗಾದರೆ ಗಿಟಾರಿನ ಗುರುವು ಮಾಡುವುದಾದರೂ ಏನು? ಬಲ್ಲ ಶಿಕ್ಷಕನು ಮೊದಲು ವಿದ್ಯಾರ್ಥಿಯ ಬೆರಳನ್ನಲ್ಲ, ವಾದ್ಯವನ್ನು ನೋಡುತ್ತಾನೆ. ಉಕ್ಕಿನ ಆರು ತಂತಿಗಳು ಶ್ರುತಿಗೆ ಬಂದಾಗ ಗಿಟಾರಿನ ಕುತ್ತಿಗೆಯ ಮೇಲೆ ಬೀಳುವ ಒಟ್ಟು ಸೆಳೆತವು ಸುಮಾರು 70 ಕಿಲೋ ಭಾರದಷ್ಟು. ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ಒಣಗಿ, ಮಳೆಗಾಲದಲ್ಲಿ ತೇವ ಹೀರುವ ಮರವು ಈ ಸೆಳೆತಕ್ಕೆ ಸ್ವಲ್ಪ ಬಾಗಿತೆಂದರೆ ತಂತಿಗಳು ಮೇಲೆದ್ದು ನಿಲ್ಲುತ್ತವೆ. ತನ್ನ ಬೆರಳಿಗೆ ಬಲವಿಲ್ಲವೆಂದು ತಿಂಗಳುಗಟ್ಟಲೆ ತನ್ನನ್ನೇ ಹಳಿದುಕೊಂಡವನ ಕಷ್ಟವು, ಕುತ್ತಿಗೆಯೊಳಗಿನ ಸರಳನ್ನು ಕೀಲಿಯಿಂದ ಒಂದಿಷ್ಟು ತಿರುಗಿಸಿದ ಮಾತ್ರಕ್ಕೆ ಅರ್ಧ ಇಳಿದುಹೋಗುವುದುಂಟು.

ಆಮೇಲೆ ಕೈಯ ಸರದಿ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಹಿಡಿಯಬೇಕಾದ ಎಫ್ ಕಾರ್ಡಿನ ಬಳಿ ಸ್ವಯಂಶಿಕ್ಷಿತರ ದಾರಿ ಸಾಮಾನ್ಯವಾಗಿ ಕಟ್ಟಿಬೀಳುತ್ತದೆ. ತಂತಿ ಕಿರಗುಟ್ಟಿದಷ್ಟೂ ಅವರು ಇನ್ನಷ್ಟು ಬಿಗಿಯಾಗಿ ಹಿಂಡುತ್ತಾರೆ. ಗುರುವು ಬೆರಳನ್ನು ಫ್ರೆಟ್ಟಿನ ಪಕ್ಕಕ್ಕೆ ಕೂದಲೆಳೆಯಷ್ಟು ಸರಿಸಿ, ಅದರ ಮೆತ್ತನೆಯ ಭಾಗಕ್ಕೆ ಬದಲಾಗಿ ಗಟ್ಟಿಯಾದ ಅಂಚು ತಂತಿಗೆ ತಾಗುವಂತೆ ತುಸು ಹೊರಳಿಸಿ, ಹೆಬ್ಬೆರಳನ್ನು ಕುತ್ತಿಗೆಯ ಹಿಂಬದಿಗೆ ಇಳಿಸಿದರೆ, ಹಿಂದಿನ ಅರ್ಧ ಬಲಕ್ಕೇ ನಾದವು ಸ್ವಚ್ಛವಾಗಿ ಹೊಮ್ಮುತ್ತದೆ. ಬಲಗೈಯ ದೋಷವು ಇನ್ನೂ ಸೂಕ್ಷ್ಮ. ಎಡಗೈ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಬಲಗೈ ಅದಕ್ಕಾಗಿ ಕ್ಷಣಕಾಲ ಕಾದು ನಿಲ್ಲುತ್ತದೆ. ಹಾಡನ್ನು ಮನಸ್ಸಿನಲ್ಲಿಯೇ ತುಂಬಿಕೊಂಡು ನುಡಿಸುವವನಿಗೆ ಆ ತಡೆ ಕೇಳಿಸುವುದೇ ಇಲ್ಲ, ಎದುರಿಗೆ ಕುಳಿತವನಿಗೆ ಮಾತ್ರ ತಾಳ ಮುರಿದದ್ದು ಸ್ಪಷ್ಟವಾಗಿ ಕೇಳುತ್ತದೆ. ಆಗ ಶಿಕ್ಷಕನು ಎಡಗೈಯಿಂದ ತಂತಿಗಳನ್ನು ಸುಮ್ಮನೆ ಮುಚ್ಚಿಹಿಡಿಯಹೇಳಿ, ಬಲಗೈಯನ್ನು ಮೆಟ್ರೊನೋಮಿನ ಲಯಕ್ಕೆ ನಿಲ್ಲದಂತೆ ಆಡಿಸುತ್ತಾನೆ. ಸ್ವರವಿಲ್ಲದ ಈ ಸಾಧನೆ ಬಹು ನೀರಸ. ಹತ್ತಿಪ್ಪತ್ತು ಹಾಡು ಬಲ್ಲವನಿಗೆ ಇದು ಮಾನಭಂಗದಂತೆ ತೋರಿದರೂ ಆಶ್ಚರ್ಯವಿಲ್ಲ. ಹಳೆಯ ಅಭ್ಯಾಸವನ್ನು ಬಿಡುವಾಗ ಕೆಲವು ವಾರಗಳ ಮಟ್ಟಿಗೆ ಮೊದಲಿಗಿಂತಲೂ ಕೆಟ್ಟದಾಗಿ ನುಡಿಸಬೇಕಾಗುತ್ತದೆ, ಬಹುಮಂದಿ ಪಾಠವನ್ನು ಬಿಡುವುದೂ ಅಲ್ಲಿಯೇ.

ಗುರುವಿನ ಯೋಗ್ಯತೆಯ ಪರೀಕ್ಷೆಯೂ ಅಲ್ಲಿಯೇ ನಡೆಯುತ್ತದೆ. ಕಲಿತದ್ದನ್ನೆಲ್ಲ ಮರೆತು ಬಾ ಎಂದು ಅಪ್ಪಣೆ ಕೊಡಿಸುವವನಿಗಿಂತ, ಕಲಿತದ್ದನ್ನೆಲ್ಲ ನುಡಿಸಗೊಟ್ಟು ತಾಳ್ಮೆಯಿಂದ ಕೇಳಿ, ತಿದ್ದತಕ್ಕದ್ದು ಯಾವುದು, ಇರಗೊಡತಕ್ಕದ್ದು ಯಾವುದು ಎಂದು ವಿವೇಚಿಸುವವನು ಶ್ರೇಷ್ಠ. ಹೆಬ್ಬೆರಳು ಕುತ್ತಿಗೆಯ ಮೇಲಿಂದ ಇಣುಕುವುದು ಶಾಸ್ತ್ರೀಯ ಗಿಟಾರಿನಲ್ಲಿ ದೋಷವಾದರೆ, ಬ್ಲೂಸ್ ನುಡಿಸುವವರಿಗೆ ಅದೇ ಸಹಜವಾದ ಹಿಡಿತ.

ಗುರುವಿಲ್ಲದೆ ಯಾರೂ ದೊಡ್ಡವರಾಗಲಿಲ್ಲವೆಂದು ಹೇಳಿದರೆ ಅದು ಸತ್ಯವಾಗದು. ಸ್ಪೇನಿನ ಆಂದ್ರೇಸ್ ಸೆಗೋವಿಯಾ (1893–1987) ಗಿಟಾರನ್ನು ಬಹುಮಟ್ಟಿಗೆ ತಾನಾಗಿಯೇ ಕಲಿತು ಜಗನ್ಮಾನ್ಯನಾದನು. ಆದರೆ ಆತನೇ ಇಟಲಿಯ ಸಿಯೆನಾದಲ್ಲಿ ತರುಣರನ್ನು ಕೂರಿಸಿಕೊಂಡು ಪಾಠ ಹೇಳಿದನೆಂಬುದನ್ನೂ ನೆನೆಯಬೇಕು. ನಮ್ಮ ದೇಶದಲ್ಲಿ ಗಿಟಾರಿಗೆ ರಾಗಸಂಗೀತದ ಪೀಠವನ್ನು ಒದಗಿಸಿದ ಬ್ರಿಜ್‌ಭೂಷಣ್ ಕಾಬ್ರಾ ಅವರು ಸರೋದ್ ವಾದಕರಾದ ಅಲಿ ಅಕ್ಬರ್ ಖಾನರ ಶಿಷ್ಯರಾದರು. ಗಿಟಾರ್ ಕಲಿಯಲು ಸರೋದಿನ ಗುರುವೇ ಎಂದು ಕೇಳಬಹುದು. ಆದರೆ ತಿದ್ದಬೇಕಾದುದು ಕೈಯಷ್ಟೇ ಅಲ್ಲ, ಕಿವಿಯೂ ಹೌದಷ್ಟೆ. ರಾಣೇಬೆನ್ನೂರಿನಲ್ಲಿ ಗಿಟಾರಿನ ಶಿಕ್ಷಕನು ದೊರೆಯದಿದ್ದಾಗ, ಸಮೀಪದ ಹಾರ್ಮೋನಿಯಂ ಮಾಸ್ತರರ ಬಳಿ ಅಲಂಕಾರಗಳನ್ನು ಹಾಡಲು ಕಲಿತು, ಅವುಗಳನ್ನೇ ತಂತಿಯ ಮೇಲೆ ಹುಡುಕುವುದು ವ್ಯರ್ಥವಾಗದೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಈಗ ವಿಡಿಯೋ ಕರೆಯ ಮೂಲಕ ಪಾಠ ಹೇಳುವವರಿದ್ದಾರೆ. ಲಂಡನ್ನಿನ ಟ್ರಿನಿಟಿ ಕಾಲೇಜು ನಡೆಸುವ, 8ನೆಯ ಗ್ರೇಡಿನವರೆಗಿನ ಪರೀಕ್ಷೆಗಳಿಗೆ ಸಿದ್ಧಪಡಿಸುವವರೂ ಇದ್ದಾರೆ. ಬೆರಳಿನ ಸ್ಥಾನ, ಸ್ವರಲಿಪಿ, ಕಾರ್ಡುಗಳ ರಚನೆ ಇವನ್ನೆಲ್ಲ ಹಾಗೆ ಕಲಿಯಲು ಅಡ್ಡಿಯಿಲ್ಲ. ಆದರೆ ಜಾಲದಲ್ಲಿ ಧ್ವನಿಯು ಸ್ವಲ್ಪ ತಡವಾಗಿ ತಲಪುವುದರಿಂದ ಗುರುಶಿಷ್ಯರು ಒಂದೇ ತಾಳದಲ್ಲಿ ಕೂಡಿ ನುಡಿಸಲು ಬರುವುದಿಲ್ಲ. ಬಲಗೈ ಕಾದು ನಿಲ್ಲುವ ಆ ಕ್ಷಣವನ್ನು ಜಾಲದ ತಡೆಯಿಂದ ಬೇರ್ಪಡಿಸಿ ಹಿಡಿಯುವುದೂ ಗುರುವಿಗೆ ಸುಲಭವಲ್ಲ. ಆದುದರಿಂದ ಬ್ಯಾಡಗಿಯ ವಿದ್ಯಾರ್ಥಿಯು ವಾರದ ಪಾಠವನ್ನು ಪರದೆಯ ಮೇಲೆ ಕೇಳಿದರೂ, ತಿಂಗಳಿಗೊಮ್ಮೆಯಾದರೂ ಗಿಟಾರನ್ನು ಹೆಗಲಿಗೇರಿಸಿ ಹುಬ್ಬಳ್ಳಿಯ ರೈಲು ಹತ್ತುವುದು ಮೇಲು. ಅಲ್ಲಿ ಗುರುವಿನೆದುರು ಕಳೆಯುವ ಆ ಒಂದು ಗಂಟೆಯನ್ನು ಹೊಸ ಹಾಡಿಗೆ ವೆಚ್ಚಮಾಡದೆ, ಇಬ್ಬರೂ ಕೂಡಿ ನುಡಿಸುವುದಕ್ಕೇ ಮೀಸಲಿಡಬೇಕು.