ಹಾರುವ ಮುನ್ನ ಲೆಕ್ಕ ತಾಳೆಯಾಗಲಿ
ಮಕ್ಕಳೇ, ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬಯಲಿಗಿಂತ ಅಡಿಕೆ ತೋಟ, ಸೊಪ್ಪಿನ ಬೆಟ್ಟಗಳೇ ಹೆಚ್ಚು. ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಕೈತಪ್ಪಿದರೆ ಮರದ ತುದಿಯೇ ಗತಿ. ಯಾರದಾದರೂ ತಲೆಯ ಮೇಲೆ ಬಿದ್ದರಂತೂ ಅನಾಹುತ. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದೆ ನಾವು ಮನೆಗೆ ಹೊರಡುತ್ತಿರಲಿಲ್ಲ. ಮೊಮ್ಮಗನಿಗೂ ಅದನ್ನೇ ಹೇಳುತ್ತೇನೆ.

ಮೊದಲು ಪ್ರೊಪೆಲ್ಲರ್ ಬಿಚ್ಚಿಡಿ, ಬೆರಳು ಉಳಿಯಬೇಕಲ್ಲ! ಸಂಕೇತ ಹಿಡಿಯುವ ರಿಸೀವರನ್ನು ಸ್ಪಂಜಿನಲ್ಲಿ ಸುತ್ತಿ, ಅಲುಗದಂತೆ ಕೂರಿಸಿ. ಅದರ ಆಂಟೆನಾ ಬ್ಯಾಟರಿ, ಮೋಟರ್‌ಗಳಿಂದ ದೂರವಿರಲಿ.

ಕೈಯಲ್ಲಿರುವ ಟ್ರಾನ್ಸ್‌ಮಿಟರ್ ಮೊದಲು ಆನ್ ಆಗಬೇಕು, ಆಮೇಲೆ ವಿಮಾನ. ವಿಮಾನದ ಹಿಂದೆ ನಿಂತು ಸ್ಟಿಕ್ಕನ್ನು ಬಲಕ್ಕೆ ತಳ್ಳಿ. ಬಲ ರೆಕ್ಕೆಯ ಅಂಚಿನ ಪಟ್ಟಿ ಮೇಲೇಳಬೇಕು, ಎಡದ್ದು ಇಳಿಯಬೇಕು. ಆಗಲೇ ವಿಮಾನ ಬಲಕ್ಕೆ ವಾಲುವುದು. ಉಲ್ಟಾ ಆದರೆ ಟ್ರಾನ್ಸ್‌ಮಿಟರಿನಲ್ಲೇ ದಿಕ್ಕು ಬದಲಿಸಿ.

ಇನ್ನು ದೂರದ ಪರೀಕ್ಷೆ. ಈಗಿನ ಸೆಟ್ಟುಗಳ 2.4 ಗಿಗಾಹರ್ಟ್ಜ್ ಅಲೆಗಳು ಒದ್ದೆ ಎಲೆಗಳ ನಡುವೆ ಸೊರಗುತ್ತವೆ. ಆದ್ದರಿಂದ ತೆರೆದ ಬಯಲಿನಲ್ಲಿ, ಟ್ರಾನ್ಸ್‌ಮಿಟರಿನ ‘ರೇಂಜ್ ಚೆಕ್’ ಒತ್ತಿ, ಸುಮಾರು 30 ಹೆಜ್ಜೆ ದೂರದಿಂದ ಪಟ್ಟಿಗಳನ್ನು ಆಡಿಸಿ ನೋಡಿ.

ಕೊನೆಯದೇ ಮುಖ್ಯ. ಪ್ರೊಪೆಲ್ಲರ್ ಇಲ್ಲದೆ ಮೋಟರ್ ನಿಧಾನ ತಿರುಗುತ್ತಿರುವಾಗ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟರ್ ತಾನಾಗಿ ನಿಲ್ಲಬೇಕು. ನಿಲ್ಲಲಿಲ್ಲವೇ? ಅದು ಸರಿಯಾಗುವವರೆಗೆ ಹಾರಾಟ ಬೇಡ. ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು ಎಷ್ಟು ಗೋಗರೆದರೂ ಇದೊಂದರಲ್ಲಿ ಮಾತ್ರ ಕರಗಬೇಡಿ.