ನಾಯಿಗಳ ಶಸ್ತ್ರಚಿಕಿತ್ಸೆ: ಅರಿವಳಿಕೆಗೆ ಎರಡು ಔಷಧಿ ಏಕೆ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ತೋಟದ ಮನೆಗಳಲ್ಲಿ ಕಾವಲಿಗೆ ನಾಯಿ ಸಾಕುವುದು ರೂಢಿ. ಸಂತಾನಹರಣದಂತಹ ಶಸ್ತ್ರಚಿಕಿತ್ಸೆಗೆ ಮೊದಲು ಅದಕ್ಕೆ ಪೂರ್ಣ ಅರಿವಳಿಕೆ ಬೇಕು.

ಕೆಟಮಿನ್ ಒಂದನ್ನೇ ಕೊಟ್ಟರೆ ಸ್ನಾಯುಗಳು ಬಿಗಿಯುತ್ತವೆ, ಸೆಳವೂ ಬರಬಹುದು. ಝೈಲಜಿನ್ ಸ್ನಾಯುಗಳನ್ನು ಸಡಿಲಿಸಿ ನೋವು ತಗ್ಗಿಸುತ್ತದೆ. ಆದರೆ ವಾಂತಿ ಬರಿಸಬಹುದು, ಹೃದಯದ ಬಡಿತವನ್ನೂ ನಿಧಾನಗೊಳಿಸುತ್ತದೆ. ಇವೆರಡನ್ನೂ ಜೊತೆಯಾಗಿ ಕೊಟ್ಟಾಗ ಒಂದರ ಕೊರತೆಯನ್ನು ಇನ್ನೊಂದು ಬಹುಮಟ್ಟಿಗೆ ತುಂಬುತ್ತದೆ. ಪ್ರಮಾಣವನ್ನು ಪಶುವೈದ್ಯರು ನಾಯಿಯ ತೂಕ ನೋಡಿ, ಹೃದಯ ಪರೀಕ್ಷಿಸಿ ನಿರ್ಧರಿಸುತ್ತಾರೆ.

ಸಾಕಿದವರು ಮಾಡಬೇಕಾದದ್ದಿಷ್ಟು: ಬೆಳೆದ ನಾಯಿಗೆ ಹಿಂದಿನ ರಾತ್ರಿಯಿಂದ ಆಹಾರ ಕೊಡಬಾರದು. ಹೊಟ್ಟೆ ತುಂಬಿದ್ದರೆ ವಾಂತಿ ಶ್ವಾಸಕೋಶಕ್ಕೆ ಇಳಿದು ನಾಯಿ ಸಾಯಬಹುದು. ಕನಿಕರದಿಂದ ಗಂಜಿ ಹಾಕಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿರಿ. ಮನೆಗೆ ತಂದ ಮೇಲೆ ಬೆಚ್ಚಗೆ ಮಲಗಿಸಿ, ಸರಿಯಾಗಿ ಎದ್ದು ನಡೆಯುವವರೆಗೆ ನೀರು, ಅನ್ನ ಕೊಡಬೇಡಿರಿ.